ಕನ್ನಡಕದಂಗಡಿಯ ನಲವತ್ತೊಂದು ಅಭಿಪ್ರಾಯಗಳು

"ನನ್ನ ಅಂಗಡಿಗೆ ಕೆಂಪು ಪಟ್ಟಿ ಹಾಕಿದ್ದು ಯಾರು?"

ಬಾಗಿಲಲ್ಲಿ ನಿಂತವನು ಕೂಗಿರಲಿಲ್ಲ. ಮೂರು ಮಹಡಿ ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲೇ ಮೆಲ್ಲಗೆ ಕೇಳಿದ್ದ. ಆದರೂ ಐದು ಮೇಜುಗಳ ಆ ಪುಟ್ಟ ಆಫೀಸಿನಲ್ಲಿ ಕೀಬೋರ್ಡುಗಳ ಸದ್ದು ಒಮ್ಮೆಲೇ ನಿಂತಿತು.

ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದ ಹುಡುಗಿ ತಟ್ಟನೆ ತಲೆಯೆತ್ತಿದಳು.

ಆ ಮುಖವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಆದರೆ ಆ ದನಿ... ಆರು ತಿಂಗಳಿಂದ ಪ್ರತಿ ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಫೋನಿನಲ್ಲಿ "ಹೇಳಿ, ಕೆಟ್ಟದ್ದನ್ನ ಮೊದಲು ಓದಿ" ಎನ್ನುತ್ತಿದ್ದ ದನಿ ಅದು.

ಕನ್ನಡಕದಂಗಡಿಯವನು!

ಇಷ್ಟು ಎತ್ತರ ಇರಬಹುದೆಂದು ಅವಳು ಎಣಿಸಿರಲಿಲ್ಲ. ಕನ್ನಡಕ ಮಾರುವವನು ತಾನೂ ಒಂದು ಹಾಕಿರುತ್ತಾನೆ ಅಂದುಕೊಂಡಿದ್ದಳು. ಅದೂ ಇಲ್ಲ. ಬರಿಗಣ್ಣು. ಆ ಕಣ್ಣಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ನಾನೇ" ಎಂದು ಅವಳು ಎದ್ದು ನಿಂತಳು.

ಆ ಒಂದೇ ಮಾತಿಗೆ ಅವನಿಗೂ ಗೊತ್ತಾಗಿಹೋಯಿತು.

"ನೀವಾ..." ಎಂದ ಅವನು. "ಬೇರೆ ಯಾರೋ ಇರಬೇಕು ಅಂದುಕೊಂಡಿದ್ದೆ."

ಅವನು ತನ್ನ ಫೋನನ್ನು ಅವಳ ಮೇಜಿನ ಮೇಲಿಟ್ಟ. ಊರಿನ ಅಂಗಡಿಗಳೆಲ್ಲ ಇರುವ ಆ್ಯಪ್‌ನಲ್ಲಿ ಅವನ ಅಂಗಡಿಯ ಪುಟ ತೆರೆದಿತ್ತು. ಮೇಲ್ಗಡೆ ಉದ್ದಕ್ಕೆ ಕೆಂಪು ಪಟ್ಟಿ. 'ಈ ಅಂಗಡಿಯ ಅಭಿಪ್ರಾಯಗಳು ನಕಲಿ ಎಂಬ ಅನುಮಾನವಿದೆ.'

"ನಲವತ್ತೊಂದು ಅಭಿಪ್ರಾಯಗಳು ಒಂದೇ ಟ್ಯಾಬ್‌ನಿಂದ ಬಂದಿವೆ" ಎಂದಳು ಅವಳು. "ಅದೂ ನಿಮ್ಮ ಅಂಗಡಿಯ ಟ್ಯಾಬ್‌ನಿಂದ."

"ಹೌದು. ನನ್ನ ಟ್ಯಾಬೇ."

"ಹಾಗಾದ್ರೆ... ಒಪ್ಕೊಳ್ತೀರಾ?"

"ಯಾಕೆ ಹಾಗೆ ಅಂತ ನೀವು ಕೇಳಿದ್ರಾ?"

ಅವಳು ಆ ಕೆಂಪು ಪಟ್ಟಿಯತ್ತ ಕಣ್ಣು ತಗ್ಗಿಸಿದಳು.

"ಆರು ತಿಂಗಳು ಪ್ರತಿ ವಾರ ಮಾತಾಡಿದ್ದೀವಿ. ಒಂದು ಫೋನ್ ಮಾಡಿ ಒಂದೇ ಒಂದು ಮಾತು ಕೇಳಬಹುದಿತ್ತು. ಈಗ ನಾನು ಏನು ಹೇಳಿದ್ರೂ ತಪ್ಪಿಸಿಕೊಳ್ಳೋಕೆ ಹೇಳಿದ ಹಾಗಾಗುತ್ತೆ." ಅವನು ಫೋನ್ ಎತ್ತಿಕೊಂಡ. "ಶನಿವಾರ ಕಣ್ಣಿನ ಆಸ್ಪತ್ರೆಯವರು ತಮ್ಮ ರೋಗಿಗಳನ್ನ ಯಾವ ಅಂಗಡಿಗೆ ಕಳಿಸಬೇಕು ಅಂತ ತೀರ್ಮಾನ ಮಾಡ್ತಾರೆ. ಕೆಂಪು ಪಟ್ಟಿ ಇರೋ ಅಂಗಡಿ ಕಡೆ ಅವರು ತಿರುಗಿ ಕೂಡ ನೋಡಲ್ಲ. ಅದೂ ಹೋಗಲಿ. ಹನ್ನೆರಡು ವರ್ಷ ಕಷ್ಟಪಟ್ಟು ಮಾಡಿಕೊಂಡ ಹೆಸರು..."

ಮಾತು ಮುಗಿಸದೆ ಅವನು ಹೊರಟುಹೋದ. ಮೆಟ್ಟಿಲಿಳಿಯುವ ಸದ್ದು ಮೂರನೆಯ ಮಹಡಿಯಿಂದ ನೆಲದವರೆಗೂ ಅವಳಿಗೆ ಕೇಳಿಸಿತು.

ಮೊದಲ ಭೇಟಿ ಹೀಗಾಗಬೇಕೇ... ಆರು ತಿಂಗಳು ಕನಸು ಕಂಡಿದ್ದು ಇದಕ್ಕೇ?

* * *

ಇವಳ ಹೆಸರು ಆಫೀಸಿನ ದಾಖಲೆಯಲ್ಲಿ ಏನೇ ಇರಲಿ, ಎಲ್ಲರೂ ಕರೆಯುವುದು ಸಾಸಿವೆ ಎಂದೇ. ಇಟ್ಟವರು ಸೋದರತ್ತೆ. ಬಾಣಲೆಗೆ ಬಿದ್ದ ಸಾಸಿವೆಯ ಹಾಗೆ ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಚಟಪಟ ಎನ್ನುವವಳಿಗೆ ಬೇರೆ ಯಾವ ಹೆಸರು ಒಪ್ಪೀತು?

ಅವಳ ಕೆಲಸವೂ ಹಾಗೆಯೇ ಇತ್ತು. ಅಂಗಡಿ ಎಂದ ಮೇಲೆ ಜನ ನಾಲ್ಕು ಮಾತು ಆಡಿಯೇ ಆಡುತ್ತಾರೆ. ಹಿಂದೆ ಬೀದಿ ಬದಿ ನಿಂತು ಆಡುತ್ತಿದ್ದುದನ್ನು ಈಗ ಫೋನಿನಲ್ಲಿ ಬರೆಯುತ್ತಾರೆ, ಜೊತೆಗೆ ಒಂದರಿಂದ ಐದು ನಕ್ಷತ್ರ ಒತ್ತುತ್ತಾರೆ. ಸಣ್ಣ ಅಂಗಡಿಯವರಿಗೆ ಅದನ್ನೆಲ್ಲ ಓದುತ್ತ ಕೂರಲು ಪುರುಸೊತ್ತೆಲ್ಲಿ? ಅವರ ಪರವಾಗಿ ಸಾಸಿವೆ ಓದುತ್ತಿದ್ದಳು. ಹೊಗಳಿಕೆ, ದೂರು, ಸಲಹೆ ಎಂದು ವಿಂಗಡಿಸಿ, ಸೋಮವಾರ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುತ್ತಿದ್ದಳು.

ಅದರಲ್ಲಿ ಮಜವೂ ಇತ್ತು. ಹೂವಿನಂಗಡಿಗೆ ಯಾರೋ ಬರೆದಿದ್ದ: 'ಹೂವು ಚೆನ್ನಾಗಿತ್ತು, ಹುಡುಗಿ ಒಪ್ಪಲಿಲ್ಲ. ಒಂದು ನಕ್ಷತ್ರ.' ಕ್ಷೌರದಂಗಡಿಗೆ ಇನ್ನೊಬ್ಬ: 'ಹೋದ ಸಲ ಬಂದಾಗ ಕೂದಲು ಜಾಸ್ತಿ ಇತ್ತು. ಇದಕ್ಕೆ ಇವರೇ ಹೊಣೆ.'

ಆದರೆ ಎಲ್ಲ ಅಂಗಡಿಯವರೂ "ಒಳ್ಳೇದು ಎಷ್ಟಿದೆ?" ಎಂದು ಕೇಳುತ್ತಿದ್ದಾಗ, ಒಬ್ಬನು ಮಾತ್ರ ಕೆಟ್ಟದ್ದನ್ನು ಮೊದಲು ಕೇಳುತ್ತಿದ್ದ. ಕೇಳಿ, ಒಂದು ಗಳಿಗೆ ಸುಮ್ಮನಿದ್ದು, "ಅವರು ಹೇಳಿದ್ದು ಸರಿ. ಮೂಗಿನ ಹತ್ತಿರ ಒತ್ತುತ್ತೆ ಅಂದ್ರೆ ನಾನು ಸರಿಯಾಗಿ ಕೂರಿಸಿಲ್ಲ. ನಾಳೆ ಮನೆಗೆ ಹೋಗಿ ಸರಿಮಾಡಿ ಬರ್ತೀನಿ" ಎನ್ನುತ್ತಿದ್ದ.

ಆ ಸುಮ್ಮನಿರುವ ಗಳಿಗೆಗೇ ಸಾಸಿವೆ ಬಿದ್ದದ್ದು. ಎರಡು ನಿಮಿಷದ ಫೋನು ಇಪ್ಪತ್ತಕ್ಕೆ ಬೆಳೆಯಿತು. ಸೋಮವಾರ ಎಂದರೆ ಊರಿಗೆಲ್ಲ ತಲೆನೋವು, ಅವಳಿಗೆ ಮಾತ್ರ ಸಡಗರ!

ಇಂಥ ಮನುಷ್ಯನಿಗೆ ಕೆಂಪು ಪಟ್ಟಿ ಹಾಕಲು ಅವಳಿಗೆ ಮನಸ್ಸಾದರೂ ಹೇಗೆ ಬಂತು?

ಬಂದದ್ದು ಹೀಗೆ. ಹಿಂದಿನ ದಿನ, ಸೋಮವಾರದ ಫೋನುಗಳೆಲ್ಲ ಮುಗಿದ ಮೇಲೆ, ಆಫೀಸಿಗೆ ಹೊಸ ತಂತ್ರಾಂಶ ಬಂದಿತ್ತು. ಯಾವ ಅಭಿಪ್ರಾಯ ಯಾವ ಸಾಧನದಿಂದ ಬಂತು ಎಂಬುದನ್ನೂ ಅದು ತೋರಿಸುತ್ತಿತ್ತು. ಅಂಗಡಿಯವರೇ ತಮ್ಮನ್ನು ತಾವು ಹೊಗಳಿಕೊಂಡಿದ್ದರೆ ಸಿಕ್ಕಿಬೀಳಲಿ ಎಂದು ಅದರ ಉದ್ದೇಶ. ಅನುಮಾನ ಬಂದರೆ ಮೊದಲು ಅಂಗಡಿಯವರಿಗೆ ಫೋನ್ ಮಾಡಿ ಕೇಳುವುದು ಪದ್ಧತಿ. ಆಮೇಲೆ ಆ್ಯಪ್‌ನವರಿಗೆ ತಿಳಿಸುವುದು.

ಕನ್ನಡಕದಂಗಡಿಯ ಹೆಸರಿನ ಮುಂದೆ ನಲವತ್ತೊಂದು ಎಂಬ ಅಂಕಿ ಕಂಡಾಗ ಅವಳ ಕೈ ಫೋನಿನತ್ತ ಹೋಗಿತ್ತು. ಆಗಲೇ ಒಳಗಿನ ಮನಸ್ಸು ತಡೆದಿತ್ತು.

'ಅವನು ಏನು ಹೇಳಿದರೂ ನೀನು ನಂಬುತ್ತೀಯ. ನಂಬಬೇಕೆಂದೇ ಕಾಯುತ್ತಿದ್ದೀಯ. ಇದು ನ್ಯಾಯವೇ?'

ಬೇರೆ ಯಾರ ಅಂಗಡಿಯಾಗಿದ್ದರೂ ಕೇಳುತ್ತಿದ್ದಳು. ಇವನದಾದ್ದರಿಂದಲೇ ಕೇಳಲಿಲ್ಲ. ಪ್ರೀತಿಗೆ ಪಕ್ಷಪಾತದ ಮಸಿ ಹತ್ತಬಾರದೆಂದು ಹೋಗಿ, ಪ್ರೀತಿಸಿದವನ ಮುಖಕ್ಕೇ ಮಸಿ ಬಳಿದಿದ್ದಳು. ಜಾಣರು ಮಾಡುವ ದಡ್ಡತನಕ್ಕೆ ಮದ್ದೆಲ್ಲಿದೆ ಹೇಳಿ?

* * *

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ನೆ ಹೇಳಿದ್ದಾ?" ಸಂಜೆ ಎಲ್ಲವನ್ನೂ ಕೇಳಿದ ಅತ್ತೆ ಮಡಚಿದ ಬಟ್ಟೆಯನ್ನು ಮತ್ತೆ ಬಿಚ್ಚಿ ಮಡಚಿದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರಿನವರ ಕರೆಗಳನ್ನು ಜೋಡಿಸಿ ನಿವೃತ್ತರಾದವರು ಅವರು. ಇನ್ನೊಬ್ಬರ ಮಾತಿನ ವಾಸನೆ ಹಿಡಿಯುವುದರಲ್ಲಿ ಪಳಗಿದವರು. "ನಿನಗೆ ಅವನ ಮೇಲೆ ಮನಸ್ಸಿದೆ."

"ಅತ್ತೆ..."

"ಇಲ್ಲ ಅನ್ನು ನೋಡೋಣ."

ಅರಳು ಹುರಿದಂತೆ ಮಾತಾಡುವ ಹುಡುಗಿ ತಾನೂ ಒಂದು ಬಟ್ಟೆ ಎತ್ತಿಕೊಂಡು ಮಡಚತೊಡಗಿದಳು.

"ಆಯ್ತು, ನಾಳೆ ಬೆಳಗ್ಗೆ ಅವನ ಅಂಗಡಿಗೆ ಹೋಗೋಣ. ನನಗೂ ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ, ಒಂದು ಕನ್ನಡಕ ಬೇಕೇ ಬೇಕು."

"ನಾನು ಬರಲ್ಲ. ಯಾವ ಮುಖ ಇಟ್ಕೊಂಡು ಬರ್ಲಿ?"

"ಇರೋ ಮುಖಾನೇ ತೊಳ್ಕೊಂಡು ಬಾ" ಎಂದರು ಅತ್ತೆ.

ಬುಧವಾರ ಬೆಳಗ್ಗೆ ಹತ್ತು ಗಂಟೆ. ಕೀಲಿ ಮಾಡುವವನ ಅಂಗಡಿಗೂ ಒಂದು ಬಟ್ಟೆ ಒಗೆಯುವ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಕಿರಿದಾದ ಜಾಗ. ಗೋಡೆ ತುಂಬ ಕನ್ನಡಕದ ಚೌಕಟ್ಟುಗಳು. ಗಲ್ಲಾಪೆಟ್ಟಿಗೆಯ ಹಿಂದೆ ಅವನ ಅಕ್ಕ. ಒಳಗೆ ಗಾಜು ಉಜ್ಜುವ ಯಂತ್ರದ ಮುಂದೆ ಅವನು.

ಸಾಸಿವೆಯನ್ನು ಕಂಡವನು ಒಮ್ಮೆ ನಿಂತ. ಮರುಕ್ಷಣ ಅತ್ತೆಯ ಕಡೆ ತಿರುಗಿ, "ಬನ್ನಿ ಅಮ್ಮ, ಕೂತ್ಕೊಳ್ಳಿ" ಎಂದ. ಇವಳಿಗೆ ಒಂದು ಮಾತೂ ಇಲ್ಲ!

ಬೈದಿದ್ದರೂ ಚೆನ್ನಾಗಿತ್ತು... ಎಂದುಕೊಂಡಳು.

ಅತ್ತೆಯ ಕಣ್ಣು ಪರೀಕ್ಷಿಸಿ, ಚೌಕಟ್ಟು ಆರಿಸಿ, ಅರ್ಧ ಗಂಟೆಯಲ್ಲಿ ಗಾಜು ಕೂರಿಸಿ ಅವನು ಕನ್ನಡಕವನ್ನು ಮೂಗಿನ ಮೇಲಿಟ್ಟ. ಗೋಡೆಯ ಮೇಲಿನ ಅಕ್ಷರಗಳನ್ನು ಅತ್ತೆ ಪಟಪಟನೆ ಓದಿದರು. "ಆಯ್ತಲ್ಲ, ಹೊರಡಲಾ?"

"ಇನ್ನೊಂದಿದೆ ಅಮ್ಮ." ಅವನು ಒಂದು ಹಳೆಯ ಟ್ಯಾಬನ್ನು ಅವರ ಕೈಗೆ ಕೊಟ್ಟ. "ಇದರಲ್ಲಿ ಎರಡು ಸಾಲು ಬರೀರಿ. ಸಣ್ಣ ಅಕ್ಷರ."

"ಬರೆಯೋದಾ? ಯಾಕೆ?"

"ಓದುವಾಗ ಕಣ್ಣು ಅಂದಾಜಿನ ಮೇಲೆ ಓದಿಬಿಡುತ್ತೆ. ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕಾದ್ರೆ ಮೋಸ ನಡೆಯಲ್ಲ. ಹತ್ತಿರದ ನೋಟ ಸರಿಯಾಗಿದೆಯಾ ಅಂತ ಆಗಲೇ ನನಗೆ ಗೊತ್ತಾಗೋದು."

"ಏನು ಬರೀಲಿ?"

"ಏನಾದ್ರೂ." ಅವನು ಒಂದು ಗಳಿಗೆ ಸುಮ್ಮನಾದ. ಸಾಸಿವೆಗೆ ಚೆನ್ನಾಗಿ ಗೊತ್ತಿದ್ದ ಅದೇ ಗಳಿಗೆ. "ಮೊದಲೆಲ್ಲ ನಮ್ಮ ಅಂಗಡಿ ಪುಟ ತೆಗೆದು ಕೊಡ್ತಿದ್ದೆ. ಹೊಗಳಿ, ಬೈಯಿರಿ, ನಿಮ್ಮಿಷ್ಟ ಅಂತ. ಈಗ ಆ ಪುಟದಲ್ಲಿ ಬರೆಯೋಕೆ ಬಿಡ್ತಿಲ್ಲ. ಖಾಲಿ ಹಾಳೆ ಕೊಟ್ಟಿದ್ದೀನಿ."

ಸಾಸಿವೆ ಆ ಟ್ಯಾಬನ್ನೇ ದಿಟ್ಟಿಸಿದಳು.

ಒಂದೇ ಟ್ಯಾಬ್. ನಲವತ್ತೊಂದು ಜೊತೆ ಹೊಸ ಕನ್ನಡಕ. ನಲವತ್ತೊಂದು ಜನ ಈ ಕುರ್ಚಿಯಲ್ಲೇ ಕೂತು, ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಬರೆದಿದ್ದಾರೆ! ಅದರಲ್ಲಿ ಮೂರು ನಕ್ಷತ್ರದವೂ ಇದ್ದವು, ಎರಡರವೂ ಇದ್ದವು. ತನಗೆ ತಾನೇ ಎರಡು ನಕ್ಷತ್ರ ಕೊಟ್ಟುಕೊಳ್ಳುವ ಕಳ್ಳ ಎಲ್ಲಾದರೂ ಇದ್ದಾನೆಯೇ? ಸಾಧನದ ಸಂಖ್ಯೆ ನೋಡಿದವಳು ಅದನ್ನು ನೋಡಲಿಲ್ಲ.

ಅತ್ತೆ ಟ್ಯಾಬ್ ಮರಳಿಸಿದರು. ಅವನು ಓದಿ, ಮುಗುಳುನಗೆ ತಡೆದುಕೊಂಡ. ಪಕ್ಕದಿಂದ ಇಣುಕಿದ ಸಾಸಿವೆಗೆ ಎರಡು ಸಾಲು ಕಂಡವು. 'ಈ ಹುಡುಗ ಕೆಲಸ ಬಲ್ಲವನು. ನಮ್ಮಣ್ಣನ ಮಗಳು ಪೆದ್ದಿ.'

"ನನ್ನಿಂದ ತಪ್ಪಾಯ್ತು" ಎಂದಳು ಸಾಸಿವೆ. ದೊಡ್ಡ ಭಾಷಣ ಸಿದ್ಧ ಮಾಡಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಇಷ್ಟೇ.

"ಸರಿ" ಎಂದ ಅವನು. ಅಷ್ಟೇ. ಮತ್ತೆ ಯಂತ್ರದ ಮುಂದೆ ಹೋಗಿ ಕೂತ.

ಅವಳ ಕಣ್ಣು ತುಂಬಿತು. ಅತ್ತೆಯ ಜೊತೆ ಬೀದಿಗಿಳಿದವಳ ಹಿಂದೆಯೇ ಅವನ ಅಕ್ಕ ಓಡಿ ಬಂದರು.

"ಸೋಮವಾರ ಫೋನ್ ಮಾಡ್ತಿದ್ದಿದ್ದು ನೀವೇ ಅಲ್ವಾ?"

"ಹೌದು..."

"ಒಂದು ವಿಷಯ ಹೇಳ್ತೀನಿ, ನಾನು ಹೇಳಿದೆ ಅಂತ ಹೇಳ್ಬೇಡಿ. ಸೋಮವಾರ ಒಂಬತ್ತೂವರೆ ಆಯ್ತು ಅಂದ್ರೆ ಇವನು ಶಟರ್ ಅರ್ಧ ಎಳೆದುಬಿಡ್ತಾನೆ. ಗಿರಾಕಿ ಬಂದ್ರೂ ಆಚೆ ನಿಲ್ಲಿಸ್ತಾನೆ. ಕೆಟ್ಟದ್ದನ್ನ ಮೊದಲು ಯಾಕೆ ಕೇಳ್ತಿದ್ದ ಗೊತ್ತಾ? ಹೊಗಳಿಕೆ ಓದಿದ್ರೆ ಥ್ಯಾಂಕ್ಸ್ ಅಂದು ಮುಗಿದುಹೋಗುತ್ತೆ. ದೂರು ಅಂದ್ರೆ ಮಾತು ಬೆಳೆಯುತ್ತೆ ಅಂತ. ಇದು ಅವನೇ ಒಂದು ದಿನ ಬಾಯಿಬಿಟ್ಟಿದ್ದು."

ಸಾಸಿವೆ ಬೀದಿಯ ನಡುವೆ ಹಾಗೆಯೇ ನಿಂತುಬಿಟ್ಟಳು. ಹಿಂದಿನಿಂದ ಸೈಕಲ್ಲಿನವನು ಗಂಟೆ ಬಾರಿಸಿದ, ಕೇಳಿಸಲಿಲ್ಲ. ಅಳಬೇಕೋ ಕುಣಿಯಬೇಕೋ ತಿಳಿಯದೆ ಅತ್ತೆಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಅಕ್ಕ, ಆ ನಲವತ್ತೊಂದು ಜನರ ವಿಳಾಸ ನಿಮ್ಮ ಹತ್ತಿರ ಇದೆಯಾ?"

* * *

ಆಫೀಸಿನ ಯಜಮಾನಿ ಎಲ್ಲ ಕೇಳಿಸಿಕೊಂಡು ಆ್ಯಪ್‌ನವರಿಗೆ ಫೋನ್ ಮಾಡಿದರು. ಉತ್ತರ ಖಡಕ್ಕಾಗಿತ್ತು. ಬರೆದವರು ಒಬ್ಬೊಬ್ಬರೂ 'ಇದನ್ನು ಬರೆದದ್ದು ನಾನೇ' ಎಂದು ಹೇಳಿದ ವಿಡಿಯೋ ಬೇಕು. ನಲವತ್ತೊಂದೂ ಬೇಕು. ಶುಕ್ರವಾರ ಸಂಜೆ ಐದರೊಳಗೆ ಬಂದರೆ ಪಟ್ಟಿ ಅಂದೇ ತೆಗೆಯುತ್ತಾರೆ. ತಪ್ಪಿದರೆ ವಿಚಾರಣೆ, ಒಂದು ತಿಂಗಳು.

"ಫೋನ್ ಮಾಡಿ ಕೇಳೋದು ಬಿಟ್ಟು ನೇರ ಯಾಕೆ ಕಳಿಸಿದೆ?" ಎಂದರು ಯಜಮಾನಿ. "ನೀನು ಹಾಗೆ ಮಾಡುವವಳಲ್ಲ."

ಸುಳ್ಳು ಹೇಳಬಹುದಿತ್ತು. ಹೊಸ ತಂತ್ರಾಂಶ, ಗೊತ್ತಾಗಲಿಲ್ಲ ಎನ್ನಬಹುದಿತ್ತು.

"ಅವರ ಮೇಲೆ ನನಗೆ ಮನಸ್ಸಿದೆ, ಮೇಡಂ. ಪಕ್ಷಪಾತ ಮಾಡಿಬಿಡ್ತೀನೇನೋ ಅಂತ ಹೆದರಿದೆ."

ಪಕ್ಕದ ಮೇಜಿನ ಗುಡುಗಣ್ಣನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಗಂಟಲು ತೆರೆದರೆ ಕಿಟಕಿ ಗಾಜು ಅದುರುವುದರಿಂದ ಅವನಿಗೆ ಆ ಹೆಸರು.

ಯಜಮಾನಿ ಒಂದು ಹಾಳೆ ಎಳೆದು ಅವಳ ಮುಂದಿಟ್ಟರು. "ತಪ್ಪು ನಿನ್ನದು ಅಂತ ಸಹಿ ಹಾಕಿ ಪತ್ರ ಕೊಡಬೇಕಾಗುತ್ತೆ. ಅದು ನಿನ್ನ ದಾಖಲೆಯಲ್ಲಿ ಉಳಿಯುತ್ತೆ. ಮತ್ತೆ ಆ ಅಂಗಡಿ ಇನ್ನು ನಿನ್ನ ಹತ್ತಿರ ಇರೋ ಹಾಗಿಲ್ಲ. ಸೋಮವಾರದಿಂದ ಗುಡುಗು ನೋಡ್ತಾನೆ."

"ಕೊಡ್ತೀನಿ ಮೇಡಂ. ಈಗ ಹೋಗಲಾ?"

"ಒಬ್ಬಳೇ ಹೋದ್ರೆ ನೀನೇ ಹೇಳಿಕೊಟ್ಟೆ ಅಂತಾರೆ. ಕ್ಯಾಮೆರಾ ಗುಡುಗು ಹಿಡೀಲಿ."

ಆಮೇಲಿನ ಎರಡೂವರೆ ದಿನ ಆ ಇಬ್ಬರೂ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಿದರು.

ಬಸ್ಸಿನ ಡ್ರೈವರ್ ನಿಲ್ಲಿಸಲು ಒಪ್ಪಲಿಲ್ಲ. ಹತ್ತಿ ಕೂತು ಕೊನೆಯ ನಿಲ್ದಾಣದವರೆಗೂ ಹೋಗಿ ಅಲ್ಲಿ ಹೇಳಿಸಿಕೊಂಡರು. ನಿವೃತ್ತ ನ್ಯಾಯಾಧೀಶರು 'ಬರೆದದ್ದು ನಾನೇ' ಎಂದರೆ ಸಾಲದು, 'ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಬುದ್ಧಿಯಿಂದ' ಎಂದೂ ಸೇರಬೇಕೆಂದು ಹಟ ಹಿಡಿದು ನಾಲ್ಕು ಸಲ ಮೊದಲಿನಿಂದ ಹೇಳಿದರು. ಸ್ವೆಟರ್ ಹೆಣೆಯುವ ಅಜ್ಜಿಯೊಬ್ಬರು, "ಆವತ್ತು ನಾಲ್ಕು ನಕ್ಷತ್ರ ಕೊಟ್ಟಿದ್ದೆ, ಈಗ ಐದು ಮಾಡಿಬಿಡು" ಎಂದು ಗಂಟುಬಿದ್ದರು. "ಈಗ ಬೇಡ ಅಜ್ಜಿ, ಅದೂ ಅನುಮಾನಕ್ಕೆ ದಾರಿ" ಎಂದು ಗುಡುಗಣ್ಣ ಕೈಮುಗಿದ.

ಹೋದಲ್ಲೆಲ್ಲ ಸಾಸಿವೆಗೆ ಅವನ ಸುದ್ದಿ ಸಿಕ್ಕಿತು. ಮೂರನೆಯ ಸಲವೂ ಕನ್ನಡಕದ ಮೇಲೆ ಕೂತ ಮುದುಕರೊಬ್ಬರಿಗೆ ನಗುನಗುತ್ತಲೇ ಕಡ್ಡಿ ನೆಟ್ಟಗೆ ಮಾಡಿಕೊಟ್ಟಿದ್ದ. ಹಾಸಿಗೆ ಬಿಟ್ಟೇಳಲಾಗದ ಹೆಂಗಸಿಗೆ ಮಲಗಿಕೊಂಡೇ ಓದಲು ಬರುವಂಥ ಚೌಕಟ್ಟನ್ನು ಹುಡುಕಿ ತಂದಿದ್ದ. ಒಂದೊಂದು ಮನೆ ದಾಟಿದಾಗಲೂ ಅವಳ ಮನಸ್ಸು ಇನ್ನಷ್ಟು ಅವನ ಕಡೆ ವಾಲಿತು. 'ಇಂಥವನನ್ನು ಕಳ್ಳ ಎಂದೆನಲ್ಲ' ಎಂದು ತನ್ನನ್ನೇ ಬೈದುಕೊಂಡಳು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನಲವತ್ತು ಮುಗಿಯಿತು.

ನಲವತ್ತೊಂದನೆಯವರು ಈಜು ಕಲಿಸುವ ಮೇಷ್ಟ್ರು. ಎರಡು ನಕ್ಷತ್ರ ಕೊಟ್ಟಿದ್ದ ಪುಣ್ಯಾತ್ಮರು. ಮನೆಯಲ್ಲಿಲ್ಲ, ಫೋನ್ ಎತ್ತುವುದಿಲ್ಲ. ಮೂರು ಕೊಳ ಸುತ್ತಿ ನಾಲ್ಕನೆಯದರಲ್ಲಿ ಅವರು ಸಿಕ್ಕಾಗ ಗಡಿಯಾರ ನಾಲ್ಕು ಮೂವತ್ತೈದು ತೋರಿಸುತ್ತಿತ್ತು. ಕೊಳದ ನಡುವೆ ಸೊಂಟಮಟ್ಟ ನೀರಿನಲ್ಲಿ ನಿಂತಿದ್ದರು. ಸುತ್ತ ಹನ್ನೆರಡು ಪುಟ್ಟ ಮಕ್ಕಳು ಕಾಲು ಬಡಿಯುತ್ತಿದ್ದರು.

"ಸರ್, ಎರಡೇ ನಿಮಿಷ ಮೇಲೆ ಬನ್ನಿ" ಎಂದಳು ಸಾಸಿವೆ.

"ಐದೂಕಾಲಿಗೆ ಕ್ಲಾಸ್ ಮುಗಿಯುತ್ತೆ. ಮಕ್ಕಳನ್ನ ನೀರಲ್ಲಿ ಬಿಟ್ಟು ಬರೋಕಾಗಲ್ಲ."

ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಗುಡುಗಣ್ಣ ದಂಡೆಯಿಂದಲೇ ವಿಡಿಯೋ ಮಾಡಲು ನೋಡಿದ. ಮಕ್ಕಳ ಗಲಾಟೆಯಲ್ಲಿ ಮೇಷ್ಟ್ರ ಒಂದು ಮಾತೂ ಕೇಳಿಸಲಿಲ್ಲ. ನಾಲ್ಕು ನಲವತ್ತೆರಡು.

ಸಾಸಿವೆ ಚಪ್ಪಲಿ ಕಳಚಿದಳು.

"ಏನ್ ಮಾಡ್ತಿದ್ದೀಯ?" ಎಂದ ಗುಡುಗಣ್ಣ.

"ನೀನೂ ಇಳಿ. ಕ್ಯಾಮೆರಾ ನಿನ್ನ ಕೈಲೇ ಇರಬೇಕು ತಾನೇ?"

"ನನಗೆ ಈಜು ಬರಲ್ಲ ಮಾರಾಯ್ತಿ..."

"ಇದು ಮಕ್ಕಳ ಕೊಳ."

ಉಟ್ಟ ಬಟ್ಟೆಯಲ್ಲೇ ಅವಳು ನೀರಿಗಿಳಿದಳು. ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದ ಗುಡುಗಣ್ಣ, ಅವಳ ಭುಜ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟ. ಮಕ್ಕಳು ಕಾಲು ಬಡಿಯುವುದನ್ನು ಬಿಟ್ಟು ಬಾಯಿ ಬಿಟ್ಟುಕೊಂಡು ನೋಡಿದರು. ಕೊಳದಲ್ಲಿ ಮೊದಲ ಸಲ ನಿಶ್ಶಬ್ದ!

"ಬರೆದದ್ದು ನಾನೇ" ಎಂದರು ಮೇಷ್ಟ್ರು ಕ್ಯಾಮೆರಾ ನೋಡಿ. "ಎರಡು ನಕ್ಷತ್ರ ಕೊಟ್ಟದ್ದೂ ನಾನೇ. ಕನ್ನಡಕ ಚೆನ್ನಾಗಿದೆ, ಆದ್ರೆ ಆ ಮನುಷ್ಯ ಬಾಯಿ ಬಿಟ್ಟು ಮಾತಾಡಲ್ಲ. ಮಾತಾಡೋರು ಯಾರಾದ್ರೂ ಜೊತೆಗಿದ್ದಿದ್ರೆ ಇನ್ನೂ ಎರಡು ಕೊಡ್ತಿದ್ದೆ."

ಗುಡುಗಣ್ಣ ಸಾಸಿವೆಯನ್ನು ನೋಡಿ ಕಣ್ಣು ಮಿಟುಕಿಸಿದ. ಅವಳು ನೀರಿನಲ್ಲೇ ಅವನ ಕಾಲು ತುಳಿದಳು.

ನಾಲ್ಕು ಐವತ್ತಾರಕ್ಕೆ ನಲವತ್ತೊಂದನೆಯ ವಿಡಿಯೋ ಹೋಯಿತು. ಒದ್ದೆಬಟ್ಟೆಯಲ್ಲಿ, ಕೊಳದ ಕಟ್ಟೆಯ ಮೇಲೆ ಕೂತು ಇಬ್ಬರೂ ಪರದೆ ನೋಡುತ್ತಿದ್ದರು. ಐದು ಹತ್ತು... ಐದು ಹದಿನೈದು... ಐದು ಇಪ್ಪತ್ತೆರಡಕ್ಕೆ ಕೆಂಪು ಪಟ್ಟಿ ಮಾಯವಾಯಿತು. ಅದರ ಜಾಗದಲ್ಲಿ ಒಂದು ಸಾಲು: 'ಈ ಅಂಗಡಿಯ ಎಲ್ಲ ಅಭಿಪ್ರಾಯಗಳೂ ನಿಜವೆಂದು ಖಚಿತವಾಗಿದೆ.'

ಗುಡುಗಣ್ಣ ಹಾಕಿದ ಕೇಕೆಗೆ ಮೇಷ್ಟ್ರೇ ಬೆಚ್ಚಿಬಿದ್ದರು. ಸಾಸಿವೆ ಮುಖ ಮುಚ್ಚಿಕೊಂಡು ಅತ್ತಳು. ಹಾಲು ಕುಡಿದಷ್ಟು ಸಂತೋಷವಾದರೂ ಕೆಲವರಿಗೆ ಅಳುವೇ ಬರುತ್ತದೆ.

* * *

ಶನಿವಾರ ಆಸ್ಪತ್ರೆಯವರು ಅವನ ಅಂಗಡಿಯನ್ನೇ ಆರಿಸಿದರೆಂದು ಅಕ್ಕನಿಂದ ಸುದ್ದಿ ಬಂತು. ಅವನಿಂದ ಒಂದು ಮಾತೂ ಬರಲಿಲ್ಲ.

"ನೀನೇ ಫೋನ್ ಮಾಡು" ಎಂದರು ಅತ್ತೆ.

"ಏನಂತ ಮಾಡಲಿ? ಗಾಯ ಮಾಡಿದವಳೇ ಮದ್ದು ಹಚ್ಚಿದೆ, ಈಗ ಬಹುಮಾನ ಕೊಡಿ ಅಂತಲಾ? ಅವರ ಹೆಸರು ಅವರಿಗೆ ಸಿಕ್ತು. ಸಾಕು."

ಬಾಯಲ್ಲಿ ಸಾಕು ಎಂದಳು, ಒಳಗೆ ಒಂದಿಷ್ಟೂ ಸಾಕಾಗಿರಲಿಲ್ಲ.

ಸೋಮವಾರ ಬಂತು. ಯಜಮಾನಿ ಅವಳ ಮುಂದೆ ಒಂದು ಫಾರ್ಮ್ ಇಟ್ಟರು. ಒಂದು ಅಂಗಡಿಯನ್ನು ಬೇರೆಯವರಿಗೆ ಯಾಕೆ ವಹಿಸುತ್ತಿದ್ದೇವೆ ಎಂದು ತುಂಬುವ ಕಾಗದ. ಸಾಸಿವೆ ಪೆನ್ನು ಕಚ್ಚುತ್ತ ಕೂತಳು. ಒಂಬತ್ತೂವರೆಗೆ ಪಕ್ಕದ ಮೇಜಿನಿಂದ ಗುಡುಗಣ್ಣ ಫೋನ್ ಮಾಡಿದ.

"ನಮಸ್ಕಾರ, ಇನ್ನು ಮೇಲೆ ನಿಮ್ಮ ಅಂಗಡಿ ನಾನು ನೋಡ್ಕೋತೀನಿ. ಈ ವಾರ ಏನು ಬಂದಿದೆ ಅಂದ್ರೆ... ಹಲೋ? ಹಲೋ?" ಅವನು ಫೋನನ್ನು ತಿರುಗಿಸಿ ನೋಡಿದ. "ಇಟ್ಟುಬಿಟ್ರು."

ಹತ್ತು ನಿಮಿಷ ಕಳೆದಿರಬಹುದು. ಮೆಟ್ಟಿಲ ಮೇಲೆ ಓಡುವ ಹೆಜ್ಜೆ ಸದ್ದು. ಬಾಗಿಲಲ್ಲಿ ಅವನು. ಗಾಜು ಒರೆಸುವ ಬಟ್ಟೆ ಇನ್ನೂ ಕೈಯಲ್ಲೇ ಇತ್ತು.

"ನನ್ನನ್ನ ಯಾಕೆ ಬೇರೆಯವರಿಗೆ ಒಪ್ಪಿಸಿದ್ರಿ?"

ಸಾಸಿವೆ ಎದ್ದಳು.

"ಆವತ್ತು ಅಂಗಡೀಲಿ ಬರೀ 'ಸರಿ' ಅಂದೆ. ನೀವು ಎದುರಿಗೆ ಬಂದು ನಿಂತ್ರೆ ನನಗೆ ಏನು ಹೇಳಬೇಕು ಅಂತಾನೇ ಗೊತ್ತಾಗಲ್ಲ. ಫೋನಲ್ಲಾದ್ರೆ ಹೇಗೋ ಆಗುತ್ತೆ. ಸೋಮವಾರ ಹೇಳೋಣ ಅಂತ ಕಾದಿದ್ದೆ. ಮೂರು ದಿನ ಅಂದುಕೊಂಡು ಅಂದುಕೊಂಡು ಬಾಯಿಪಾಠ ಮಾಡಿದ್ದೆ. ಫೋನ್ ಎತ್ತಿದ್ರೆ..." ಅವನು ಗುಡುಗಣ್ಣನ ಕಡೆ ನೋಡಿದ. "ಇವರು ಬಂದ್ರು."

"ನನ್ನದೇನೂ ತಪ್ಪಿಲ್ಲ" ಎಂದ ಗುಡುಗಣ್ಣ, ಆದಷ್ಟು ಸಣ್ಣ ದನಿಯಲ್ಲಿ.

"ನಾನು ಸಿಟ್ಟು ಮಾಡಿಕೊಂಡಿದ್ದಕ್ಕೆ ನಿಮಗೆ ಬೇಜಾರಾಗಿದೆ. ಅದಕ್ಕೇ ಬಿಟ್ಟುಬಿಟ್ರಿ. ಅಲ್ವಾ?"

"ಅಯ್ಯೋ, ಹಾಗಲ್ಲ" ಎಂದಳು ಸಾಸಿವೆ. "ನಮ್ಮಲ್ಲಿ ಒಂದು ನಿಯಮ ಇದೆ. ಅಂಗಡಿಯವರಿಗೂ ನಮಗೂ ಏನಾದ್ರೂ ಸಂಬಂಧ ಇದ್ರೆ ಆ ಅಂಗಡಿ ನಾವು ನೋಡಬಾರದು."

"ನಮ್ಮಿಬ್ಬರಿಗೆ ಏನು ಸಂಬಂಧ?"

ಅವಳು 'ಸಂಬಂಧದ ವಿವರ' ಎಂಬ ತಲೆಬರಹದ ಆ ಫಾರ್ಮನ್ನು ಅವನ ಕೈಗೆ ಕೊಟ್ಟಳು. ರಕ್ತಸಂಬಂಧ, ಮದುವೆ, ಸ್ನೇಹ, ವ್ಯಾಪಾರ ಎಂದು ಸಾಲಾಗಿ ಚೌಕಗಳು. ಎಲ್ಲವೂ ಖಾಲಿ. ಕೊನೆಯ 'ಇತರೆ' ಎಂಬುದರ ಮುಂದೆ ಮಾತ್ರ ಗುರುತು ಹಾಕಿ, ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ಬರೆದಿದ್ದಳು.

'ನನಗೆ ಅವರೆಂದರೆ ತುಂಬ ಇಷ್ಟ. ಅವರನ್ನು ಇನ್ನೂ ಕೇಳಿಲ್ಲ.'

ಅವನು ಓದಿದ. ಇನ್ನೊಮ್ಮೆ ಓದಿದ. ಅವನ ಕಿವಿ ಕೆಂಪಾಯಿತು.

ಆಫೀಸಿನಲ್ಲಿ ಎಲ್ಲರೂ ತಮ್ಮ ತಮ್ಮ ಪರದೆಗಳನ್ನು ಬಲು ಶ್ರದ್ಧೆಯಿಂದ ನೋಡುತ್ತಿದ್ದರು. ಒಬ್ಬರ ಕೈಯೂ ಕೀಲಿಮಣೆಯ ಮೇಲೆ ಆಡುತ್ತಿರಲಿಲ್ಲ.

"ಕೇಳಿ" ಎಂದ ಅವನು.

"ಇಲ್ಲೇನಾ? ಎಲ್ಲರ ಮುಂದೆ?"

"ಕೆಂಪು ಪಟ್ಟಿ ಇಡೀ ಊರಿನ ಮುಂದೆ ಹಾಕಿದ್ರಲ್ಲ."

ಅವಳಿಗೆ ನಗು ಬಂತು. ನಗುವಿನ ಜೊತೆಗೇ ಕಣ್ಣೀರೂ ಬಂತು. ಎರಡನ್ನೂ ಒರೆಸಿಕೊಂಡು ಅವನ ಮುಂದೆ ನೆಟ್ಟಗೆ ನಿಂತಳು.

"ನನ್ನ ಜೊತೆ ಬಾಳೋಕೆ ನಿಮಗೆ ಇಷ್ಟ ಇದೆಯಾ?"

"ಇದೆ."

"ಇಷ್ಟು ಬೇಗ ಹೇಳಿಬಿಟ್ರಾ? ಸ್ವಲ್ಪ ಯೋಚನೆ ಮಾಡಿ. ನಾನು ಆತುರಗಾರ್ತಿ, ಮಾತು ಜಾಸ್ತಿ, ಕೇಳದೆ ತೀರ್ಮಾನ ಮಾಡಿಬಿಡ್ತೀನಿ..."

"ನೀವು ಬೀದಿ ಬೀದಿ ಅಲೆಯೋಕೆ ಶುರು ಮಾಡಿದಾಗಿನಿಂದ ನಾನು ಯೋಚನೆನೇ ಮಾಡ್ತಿದ್ದೀನಿ."

"ಏನಂತ?"

"ಈ ಹುಡುಗಿ ನನ್ನ ವಿಷಯ ನಲವತ್ತೊಂದು ಜನರನ್ನ ಕೇಳಿಕೊಂಡು ಬಂದಳು. ನನ್ನನ್ನ ಯಾವಾಗ ಕೇಳ್ತಾಳೆ ಅಂತ."

ಅವಳು ತಲೆ ತಗ್ಗಿಸಿದಳು. ಅವನು ಮೆಲ್ಲಗೆ ಅವಳ ಕೈ ಹಿಡಿದುಕೊಂಡ.

"ಈಗ ಕೇಳಿದೆನಲ್ಲ" ಎಂದಳು.

"ಕೇಳಿದ್ರಿ. ಕಾದು ಕಾದು ಸಾಕಾಗಿ ನಾನೇ ಇಲ್ಲಿಗೆ ಓಡಿ ಬಂದ ಮೇಲೆ."

"ಹಾಗಾದ್ರೆ ವಾಪಸ್ ಹೋಗುವಾಗ ಓಡ್ಬೇಡಿ. ನಾನೂ ಜೊತೆಗೆ ಬರ್ತೀನಿ."